ಮಂದ ಬೆಳಕಿನ ಚಿಕಿತ್ಸೆ

1967ರ ಸುಮಾರಿಗೆ ಬುಡಾಪೆಸ್ಟ್‌ನಲ್ಲಿ ಎಂಡ್ರೆ ಮೆಸ್ಟರ್ ಎಂಬ ಹಂಗೇರಿಯ ವೈದ್ಯರು ಇಲಿಗಳ ಮೈಮೇಲಿನ ಗಡ್ಡೆಯನ್ನು ಲೇಸರ್‌ನಿಂದ ಕರಗಿಸಲು ಹೊರಟಿದ್ದರು. ಬಾಸ್ಟನ್‌ನ ಪಾಲ್ ಮೆಕ್‌ಗಫ್ ಮಾಡಿದ್ದ ಪ್ರಯೋಗವನ್ನು ತಾವೂ ಮಾಡಿ ನೋಡುವುದು ಅವರ ಉದ್ದೇಶ. ಆದರೆ ಅವರಲ್ಲಿದ್ದ ಮಾಣಿಕ್ಯದ ಲೇಸರ್‌ಗೆ ಅಷ್ಟು ಕಸುವಿರಲಿಲ್ಲ. ಗಡ್ಡೆ ಜಗ್ಗಲಿಲ್ಲ. ಬೋಳಿಸಿದ ಚರ್ಮದ ಮೇಲೆ, ಬೆಳಕು ಬಿದ್ದಲ್ಲಿ ಮಾತ್ರ ಕೂದಲು ಬೇಗ ಚಿಗುರಿತು; ಕೊಯ್ದ ಗಾಯವೂ ಬೇಗ ಕೂಡಿಕೊಂಡಿತು. ಕೆಟ್ಟುಹೋದ ಪ್ರಯೋಗವೆಂದು ಕೈಬಿಡದೆ ಮೆಸ್ಟರ್ ಆ ಕೂದಲಿನ ಬೆನ್ನುಹತ್ತಿದರಲ್ಲ, ನನಗೆ ಅವರ ಮೇಲೆ ಗೌರವ ಹುಟ್ಟುವುದು ಅಲ್ಲಿಯೇ.

ಇವತ್ತು ಮೀನಖಂಡ ಹಿಡಿದುಕೊಂಡ ಓಟಗಾರ ಫಿಸಿಯೋಥೆರಪಿಗೆ ಹೋದರೆ, ಕಣ್ಣಿಗೆ ಬಣ್ಣದ ಕನ್ನಡಕ ಹಾಕಿಸಿ, ನೋವಿರುವಲ್ಲಿ ಅಂಥದೇ ಲೇಸರ್ ಬೆಳಕು ಬೀರುವ ಪ್ರೋಬ್‌ನ ತುದಿಯನ್ನು ಒತ್ತಿ ಹಿಡಿಯುತ್ತಾರೆ. ಮಂದ ಲೇಸರ್ ಆದರೆ ಬಿಸಿಯೂ ಗೊತ್ತಾಗುವುದಿಲ್ಲ. ಕೆಂಪು ಹಾಗೂ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳು ಚರ್ಮ ದಾಟಿ ಒಳಗಿಳಿಯುತ್ತವೆ. ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಅವನ್ನು ಹೀರಿಕೊಳ್ಳುತ್ತದೆ, ಅದರಿಂದ ಕೋಶಕ್ಕೆ ಶಕ್ತಿ ಕೊಡುವ ಎಟಿಪಿಯ ತಯಾರಿ ಚುರುಕಾಗುತ್ತದೆ ಎಂಬುದು ಹೆಚ್ಚು ಜನ ವಿಜ್ಞಾನಿಗಳು ಒಪ್ಪುವ ವಿವರಣೆ. ಹರಿದ ಎಳೆಗಳನ್ನು ಕಟ್ಟುವ ಕೆಲಸ ಮಾತ್ರ ಸ್ನಾಯುವಿನದೇ. ಎಳೆಗಳ ಅಂಚಿನಲ್ಲಿ ಸುಮ್ಮನೆ ಮಲಗಿರುವ ಸ್ಯಾಟಲೈಟ್ ಕೋಶಗಳು ಪೆಟ್ಟು ಬಿದ್ದಾಗ ಎದ್ದು, ಒಂದು ಎರಡಾಗಿ ಎರಡು ನಾಲ್ಕಾಗಿ, ಹೊಸ ಎಳೆ ಹೆಣೆಯುತ್ತವೆ.

ಇಲ್ಲಿ ಎಲ್ಲವೂ ನಿಂತಿರುವುದು ಅಳತೆಯ ಮೇಲೆ. ಬೆಳಕು ಕಡಿಮೆಯಾದರೆ ಫಲವಿಲ್ಲ. ಹೆಚ್ಚಾದರೆ, ಗೊಬ್ಬರ ಮಿತಿಮೀರಿ ಸಸಿ ಸುಟ್ಟ ಹಾಗೆ, ಚೇತರಿಕೆಗೇ ಅಡ್ಡಿ. ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲದಿರುವುದಕ್ಕೆ ಇದೂ ಒಂದು ಕಾರಣ. ಕುತ್ತಿಗೆ ನೋವಿಗೆ ಮಂದ ಲೇಸರ್‌ನಿಂದ ಉಪಶಮನವಿದೆ ಎಂದು 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಮರ್ಶೆ ಹೇಳಿತು. ಆದರೆ ನೋವು ಇಳಿಯುವುದು ಬೇರೆ, ಹರಿದದ್ದು ಕೂಡುವುದು ಬೇರೆ. ಎರಡನೆಯದಕ್ಕೆ ಸಿಕ್ಕಿರುವ ಆಧಾರ ಹೆಚ್ಚಾಗಿ ಪ್ರಯೋಗಾಲಯದ ಇಲಿಗಳದು. ನೋವಿಲ್ಲವೆಂದು ಮರುದಿನವೇ ಓಡಿದರೆ ಸ್ನಾಯು ಮತ್ತೆ ಹರಿದೀತು.

ನೋವಿನಲ್ಲಿರುವವರು ಯಾರು ಏನು ಹೇಳಿದರೂ ನಂಬುತ್ತಾರೆ, ಸಾಲ ಮಾಡಿಯಾದರೂ ದುಡ್ಡು ಕಟ್ಟುತ್ತಾರೆ. ಹತ್ತು ಸಿಟ್ಟಿಂಗ್‌ಗೆ ಮುಂಗಡ ಕೊಡುವ ಮುನ್ನ ಕೇಳಿ: ಯಾವ ತರಂಗಾಂತರ, ಒಂದು ಜಾಗಕ್ಕೆ ಎಷ್ಟು ಜೂಲ್, ಜೊತೆಗೆ ಯಾವ ವ್ಯಾಯಾಮ? ಕ್ಯಾನ್ಸರ್ ಗಡ್ಡೆಯಿದ್ದರೆ, ಬಸುರಿಯಾಗಿದ್ದರೆ ಮೊದಲೇ ತಿಳಿಸಿ. ವ್ಯಾಯಾಮವೇ ಬೇಡ, ಲೇಸರ್ ಒಂದೇ ಸಾಕು ಎಂದರೆ ಬೇರೆ ಕಡೆ ಹೋಗಿ.