ಕಷಾಯ ಮತ್ತು ಕಂಬಳಿ

ನಮ್ಮ ಮನೆಗಳಲ್ಲಿ ಕಷಾಯ ಒಂಟಿಯಾಗಿ ಬಂದದ್ದೇ ಇಲ್ಲ. ಜೀರಿಗೆ, ಕೊತ್ತಂಬರಿ, ಕಾಳುಮೆಣಸು, ಒಣಶುಂಠಿ ಹುರಿದು ಪುಡಿಮಾಡಿ, ಬೆಲ್ಲ ಹಾಕಿ ಕುದಿಸಿದ ಆ ಲೋಟದ ಹಿಂದೆಯೇ ಒಂದು ಕಂಬಳಿಯೂ ಬರುತ್ತಿತ್ತು. ‘ಕುಡಿದು ಹೊದ್ದುಕೊಂಡು ಮಲಗು’ ಎಂಬುದು ಒಂದೇ ವಾಕ್ಯ; ಅದನ್ನು ಎರಡಾಗಿ ಒಡೆದ ಅಜ್ಜಿಯನ್ನು ನಾನು ಕಂಡಿಲ್ಲ. ಈಗ ಅಂಗಡಿಯವರು ಕಷಾಯದ ಸಾಮಾನನ್ನೇ ಕ್ಯಾಪ್ಸೂಲ್‌ನಲ್ಲಿ ತುಂಬಿ ಮಾರುತ್ತಾರೆ. ಕಂಬಳಿಯನ್ನು ಮಾತ್ರ ಬಿಟ್ಟುಬಿಟ್ಟಿದ್ದಾರೆ.

ಇದನ್ನು ಕಾಯಿಲೆಯವರಷ್ಟೇ ಅಲ್ಲ, ಗಟ್ಟಿಮುಟ್ಟಾದವರೂ ನುಂಗುತ್ತಾರೆ. ಮೈಮುರಿಯುವಷ್ಟು ಓಡಿದ ಮೇಲೆ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಅರಿಶಿನ, ಶುಂಠಿ ಅದನ್ನು ಎತ್ತಿ ನಿಲ್ಲಿಸುತ್ತವೆ ಎಂಬ ನಂಬಿಕೆ. ಕುಗ್ಗುತ್ತದೆ ಎಂಬುದು ಬರಿಯ ಗಾಳಿಮಾತಲ್ಲ. 1987ರಲ್ಲಿ ಅಮೆರಿಕದ ಲಾಸ್ ಏಂಜಲಿಸ್ ಮ್ಯಾರಥಾನ್ ಓಡಿದವರನ್ನು ವಿಚಾರಿಸಿದಾಗ, ಮುಂದಿನ ಒಂದು ವಾರದಲ್ಲಿ ನೂರಕ್ಕೆ ಸುಮಾರು 13 ಮಂದಿ ನೆಗಡಿ, ಗಂಟಲುನೋವು ಎಂದರು. ಅಷ್ಟೇ ಅನುಭವವಿದ್ದೂ ಆ ದಿನ ಓಡದೆ ಉಳಿದವರಲ್ಲಿ ಹಾಗೆಂದವರು ನೂರಕ್ಕೆ ಎರಡರಷ್ಟು. ಓಟದ ನಂತರ ಕೆಲವು ಗಂಟೆ ರಕ್ತದಲ್ಲಿ ಕೆಲವು ಬಗೆಯ ಬಿಳಿಕಣಗಳು ಇಳಿಯುವುದೂ ನಿಜ. ಆದರೆ ಅವು ಸತ್ತಿಲ್ಲ, ಶ್ವಾಸಕೋಶ, ಕರುಳುಗಳ ಕಡೆಗೆ ಪಹರೆಗೆ ಹೋಗಿವೆ ಎಂದು 2018ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಇಬ್ಬರು ವಾದಿಸಿದರು. ನೆಗಡಿಗೆ ಓಟಕ್ಕಿಂತ ನಿದ್ದೆಗೇಡು, ಪ್ರಯಾಣ, ಜನಜಂಗುಳಿಯೇ ಕಾರಣವಿರಬಹುದಂತೆ. ವಿದ್ವಾಂಸರ ಜಗಳ ಅವರಿಗಿರಲಿ. ನಿದ್ದೆಗೇಡಿಗೆ ಮದ್ದು ನಿದ್ದೆಯೇ ತಾನೆ?

‘ಮನೆಯ ಪದಾರ್ಥವೇ ಅಲ್ಲವೇ ಅಕ್ಕಾ, ಕೊಟ್ಟರೇನು?’ ಎಂದು ನನ್ನ ತಂಗಿ ಕೇಳಿದಳು. ಅವಳ ಮಗಳು ದೂರದ ಓಟಗಾರ್ತಿ. ಅಭ್ಯಾಸ ಜೋರಾದ ವಾರಗಳಲ್ಲೆಲ್ಲ ಗಂಟಲು ಕಟ್ಟುತ್ತದೆ. ಮನೆಯ ಪದಾರ್ಥವೇ, ನಿಜ. ಆದರೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರಷ್ಟು. ಅದನ್ನೂ ಮೈ ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಎರಡು ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಸತ್ವ, ಕೊಟ್ಟು ನೋಡಿದರು. ಮೈಗೆ ಸೇರುವುದು ಇಪ್ಪತ್ತು ಪಟ್ಟು ಹೆಚ್ಚಿತು. ಮೆಣಸು ಮಾಡುವ ಕೆಲಸವೆಂದರೆ, ಬಂದದ್ದನ್ನು ಬೇಗ ಹೊರಹಾಕುವ ಯಕೃತ್ತಿನ, ಕರುಳಿನ ಕೈಯನ್ನು ನಿಧಾನ ಮಾಡುವುದು. ಬೇರೆ ಔಷಧಿ ತೆಗೆದುಕೊಳ್ಳುವವರಲ್ಲಿ ಆ ಔಷಧಿಯೂ ಹೀಗೆಯೇ ಹೆಚ್ಚು ಹೊತ್ತು ಉಳಿಯಬಹುದು. ಇಟಲಿಯಲ್ಲಿ ಅರಿಶಿನದ ಮಾತ್ರೆ ತಿಂದ ಕೆಲವರಿಗೆ ಯಕೃತ್ತು ಊದಿಕೊಂಡದ್ದು 2019ರಲ್ಲಿ ವರದಿಯಾಯಿತು. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೂ ಇದಕ್ಕೂ ಹೆಸರೊಂದೇ ಸಮಾನ. ಮೇಲಾಗಿ, ಡಬ್ಬಿಯ ಚೀಟಿಯಲ್ಲಿಲ್ಲದ ನಿಷೇಧಿತ ವಸ್ತು ಮೂತ್ರಪರೀಕ್ಷೆಯಲ್ಲಿ ಸಿಕ್ಕರೂ ಉತ್ತರ ಹೇಳಬೇಕಾದವಳು ಓಡುವ ಹುಡುಗಿಯೇ.

ಇದನ್ನೆಲ್ಲ ವೈದ್ಯರನ್ನು ಕೇಳಿ ಸರಿಮಾಡಿಕೊಳ್ಳಬಹುದು. ನನ್ನನ್ನು ಕಾಡುವುದು ಬೇರೆ. ಕರ್ಕ್ಯುಮಿನ್‌ನಿಂದ ಸ್ನಾಯುಗಳ ನೋವು ಕಡಿಮೆಯಾಗುತ್ತದೆ ಎಂದು ಹಲವು ಸಣ್ಣ ಪ್ರಯೋಗಗಳು ಹೇಳಿವೆ. ಮಾತ್ರೆ ಕೆಲಸ ಮಾಡದಿದ್ದರೆ ಹೋದದ್ದು ದುಡ್ಡು. ಮಾಡಿದರೆ? ನೋವು ಎಂಬುದು ಮೈ ಬರೆದ ಕಾಗದ. ಅದನ್ನು ಓದದೆ ಹರಿಯುವ ಹಕ್ಕು ಯಾರದು? ನೋವಿಲ್ಲದ ಹುಡುಗಿ ಮರುದಿನವೂ ಐದು ಗಂಟೆಗೆ ಮೈದಾನದಲ್ಲಿರುತ್ತಾಳೆ. ಅದರಿಂದ ಕೋಚ್‌ಗೆ ಅನುಕೂಲ, ಕ್ರೀಡಾ ಕೋಟಾದ ಸೀಟಿನ ಮೇಲೆ ಕಣ್ಣಿಟ್ಟ ಅಪ್ಪನಿಗೆ ಅನುಕೂಲ. ಅವಳಿಗೂ ಅನುಕೂಲವೇ ಎಂದು ಕೇಳುವವರು ಬೇಕಲ್ಲ. 2009ರಲ್ಲಿ ಜರ್ಮನಿಯಲ್ಲಿ ನಾಲ್ಕು ವಾರ ವ್ಯಾಯಾಮ ಮಾಡಿಸಿದ ಯುವಕರಲ್ಲಿ, ಸಿ ಮತ್ತು ಇ ವಿಟಮಿನ್ ನುಂಗಿದವರಿಗೆ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ ಲಾಭ, ವ್ಯಾಯಾಮದಿಂದ ಬರಬೇಕಾದದ್ದು, ಬರಲಿಲ್ಲ. ಅದು ಅರಿಶಿನದ ಮಾತಲ್ಲ. ಆದರೂ ದಣಿವೇ ಮೈಗೆ ಪಾಠ ಹೇಳುತ್ತದೆ ಎಂಬುದಕ್ಕೆ ಸಾಕ್ಷಿ.

ಕಂಬಳಿಯಿಲ್ಲದ ಕಷಾಯ ಹೊಸದೇನಲ್ಲ ಅನ್ನಿ. ಎಲ್ಲರಿಗೂ ಕೊಟ್ಟು ಪಾತ್ರೆಯ ತಳದಲ್ಲಿ ಉಳಿದದ್ದನ್ನು ಒಲೆಯ ಪಕ್ಕದಲ್ಲಿ ನಿಂತೇ ಕುಡಿದು, ಸೆರಗು ಸಿಕ್ಕಿಸಿಕೊಂಡು ಪಾತ್ರೆ ತೊಳೆಯಲು ಹೋದವರು ನಮ್ಮ ಅಮ್ಮಂದಿರು. ಅವರ ದುಡಿಮೆಯನ್ನು ಯಾರೂ ವ್ಯಾಯಾಮವೆಂದು ಲೆಕ್ಕ ಹಿಡಿಯಲಿಲ್ಲ. ಅವರಿಗೆ ಮದ್ದು ಸಿಕ್ಕಿತು, ಬಿಡುವು ಸಿಗಲಿಲ್ಲ. ಅದನ್ನು ನೋಡಿಕೊಂಡೇ ಬೆಳೆದವರಿಗೆ ಕ್ಯಾಪ್ಸೂಲ್ ಅಷ್ಟು ಸಹಜವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗೆಂದು ಕಂಬಳಿಯನ್ನು ಹೊಗಳುತ್ತ ಕೂರಲೂ ನನಗೆ ಧೈರ್ಯವಿಲ್ಲ. ‘ದಣಿದಿದ್ದೀಯ, ಸಾಕು ಮಲಗು’ ಎಂದೇ ಎಷ್ಟು ಹುಡುಗಿಯರನ್ನು ಮೈದಾನದಿಂದ ಮನೆಯೊಳಗೆ ಕರೆದುಕೊಂಡಿಲ್ಲ ನಾವು! ತಂಗಿಯ ಮಗಳನ್ನೇ ಕೇಳಿದೆ. ‘ದೊಡ್ಡಮ್ಮಾ, ಎರಡು ದಿನ ರಜೆ ಬೇಕು ಅಂತ ನನಗೇ ಗೊತ್ತು. ಆದರೆ ನಾನು ಕೇಳಿದರೆ ಸೋಮಾರಿ ಅಂತಾರೆ. ಮಾತ್ರೆ ಕೇಳಿದರೆ ಯಾರೂ ಏನೂ ಅನ್ನಲ್ಲ’ ಎಂದಳು. ಅವಳ ಅಮ್ಮನೂ ಅಲ್ಲೇ ಹುರುಳಿ ಆರಿಸುತ್ತ ಕೂತಿದ್ದಳು. ಕೈ ನಿಲ್ಲಿಸಿ ಮಗಳ ಮುಖ ನೋಡಿದಳು.