ಕೊರತೆಯ ಪಾಲು

ಬೊಕ್ಕಸದಲ್ಲಿ ಹಣ ಸಾಲದಾದಾಗ ಅಂಗವಿಕಲ ಮಕ್ಕಳ ವಿದ್ಯಾಭ್ಯಾಸವನ್ನು ಮೊದಲು ಕೈಬಿಡುವುದು ನ್ಯಾಯವೆ? ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ನಿನ ಶಾಲಾಧಿಕಾರಿಗಳು ಇಂತಹ ಮಕ್ಕಳನ್ನು ಹೊರಗಿಟ್ಟು, ದ್ರವ್ಯಾಭಾವವೇ ಕಾರಣವೆಂದು ವಾದಿಸಿದ್ದರು. 1972ರಲ್ಲಿ ನ್ಯಾಯಾಧೀಶ ಜೋಸೆಫ್ ವಾಡಿಯವರು ಅದನ್ನೊಪ್ಪದೆ, ಇರುವ ಹಣವನ್ನೇ ಯಾವ ಮಗುವೂ ಪೂರ್ತಿಯಾಗಿ ವಂಚಿತವಾಗದಂತೆ ವಿನಿಯೋಗಿಸಬೇಕು, ಕೊರತೆಯ ಭಾರವು ಅಂಗವಿಕಲರ ಮೇಲೆಯೇ ಹೆಚ್ಚಾಗಿ ಬೀಳಕೂಡದು ಎಂದು ತೀರ್ಪಿತ್ತರು. 1975ರ ಶಾಸನದಲ್ಲಿ ಆ ದೇಶದ ಕೇಂದ್ರ ಸರ್ಕಾರವು, ವಿದ್ಯಾರ್ಥಿಯೊಬ್ಬನಿಗೆ ತಗಲುವ ಸರಾಸರಿ ವೆಚ್ಚದಲ್ಲಿ ನೂರಕ್ಕೆ 40ರವರೆಗಿನ ಮೊತ್ತವನ್ನು ಇಂತಹ ಪ್ರತಿಯೊಂದು ಮಗುವಿಗೂ ಕೊಡುವ ಗುರಿಯನ್ನಿಟ್ಟುಕೊಂಡಿತು. ಆ ಪ್ರಮಾಣವನ್ನು ಅದು ಇಂದಿಗೂ ಮುಟ್ಟಿಲ್ಲ.

ಹೆಚ್ಚು ಫಲ ದೊರೆಯುವೆಡೆಯಲ್ಲಿಯೇ ವೆಚ್ಚ ಮಾಡಬೇಕೆಂದು ಕೆಲವರು ಹೇಳುವರು. ವ್ಯಾಪಾರಕ್ಕೆ ಈ ನೀತಿ ಸಲ್ಲಬಹುದು. ಆದರೆ ಸರ್ಕಾರಕ್ಕೆ ಮಕ್ಕಳೆಲ್ಲರೂ ಸಮಾನರು. ವಿದ್ಯೆ ಅವರಿಗೆ ಸಲ್ಲಬೇಕಾದ ಋಣವೇ ಹೊರತು ದಾನವಲ್ಲ. ಬಡತನವನ್ನು ಎಲ್ಲರೂ ಹಂಚಿಕೊಂಡರೆ ಅದು ಕಷ್ಟವೆನಿಸುವುದು. ಮಾತೆತ್ತಲಾರದವರಿಗೇ ಹೊರಿಸಿದರೆ ಅಧರ್ಮವೆನಿಸುವುದು.