ಇಂದಿನ ಚಿಂತನೆ: ಕಸದ ಬೆಂಕಿ



ಡೆನ್ಮಾರ್ಕಿನ ಫ್ರೆಡೆರಿಕ್ಸ್‌ಬರ್ಗ್ ಪಟ್ಟಣಕ್ಕೆ ಕಸ ಸುರಿಯಲು ಜಾಗ ಉಳಿದಿರಲಿಲ್ಲ. 1903ರಲ್ಲಿ ಅದನ್ನು ಸುಟ್ಟು, ಆ ಶಾಖವನ್ನು ಕೊಳವೆಗಳಲ್ಲಿ ಆಸ್ಪತ್ರೆಗೆ, ಅನಾಥಾಲಯಕ್ಕೆ ಹರಿಸಿದರು. ಒಳ್ಳೆಯ ಕೆಲಸವೇ. ಆದರೆ ನೂರು ವರ್ಷದಲ್ಲಿ ಆ ದೇಶದ ಕುಲುಮೆಗಳು ಎಷ್ಟು ಬೆಳೆದವೆಂದರೆ, ಅವುಗಳ ಹೊಟ್ಟೆ ತುಂಬಿಸಲು ಹೊರದೇಶದಿಂದ ಕಸ ತರಿಸಬೇಕಾಯಿತು.

ಬೆಂಗಳೂರಿನ ಕಸ ದೊಡ್ಡಬಳ್ಳಾಪುರದ ಹಳ್ಳಿಗಳ ಪಕ್ಕ ಗುಡ್ಡೆ ಬಿದ್ದದ್ದು ಮಂಚೇನಹಳ್ಳಿಯ ನಮಗೆ ಗೊತ್ತು. ಈಗ ಬಿಡದಿಯಲ್ಲಿ ದಿನಕ್ಕೆ 600 ಟನ್ ಕಸ ಸುಟ್ಟು 11.5 ಮೆಗಾವ್ಯಾಟ್ ವಿದ್ಯುತ್ ಪಡೆಯುವ ಸ್ಥಾವರ ಕಟ್ಟಿದ್ದಾರೆ. ಗುಡ್ಡೆಗಿಂತ ಇದು ಮೇಲು.

ಆದರೂ ಇಂಧನ ಇರುವಷ್ಟು ಕಾಲ ಮಾತ್ರ ಬೆಂಕಿ ಎಂಬುದು ಬುದ್ಧರ ಬೋಧನೆ. ಕಸದಿಂದ ಬದುಕುವ ಬೆಂಕಿಗೆ ನಾಳೆಯೂ ಕಸ ಬೇಕು. ಕೆಟ್ಟದ್ದು ಉಪಯೋಗಕ್ಕೆ ಬಂತೆಂದರೆ ಅದನ್ನು ಬಿಡುವ ಮನಸ್ಸು ಸಡಿಲವಾಗುತ್ತದೆ.

ಇವತ್ತು ಅಂಗಡಿಯಲ್ಲಿ ಕೈಚಾಚುವಾಗ ಒಮ್ಮೆ ಕೇಳಿಕೊಳ್ಳೋಣ: ಇದು ಬೇಕೇ?